ಚಿಂಚೋರೆ ವಾಡೆಯ ಕಾಯಂ ಸೈನ್ಯ

ಸದಾಶಿವ ಪೇಠೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸೂರ್ಯನೊಬ್ಬನನ್ನು ಬಿಟ್ಟರೆ ಮತ್ತಾರೂ ಕೆಲಸ ಮಾಡುವುದಿಲ್ಲ. ಅಂಗಡಿಗಳು ಕದ ಎಳೆದುಕೊಳ್ಳುತ್ತವೆ. ರಿಕ್ಷಾದವರು ಹಿಂದಿನ ಸೀಟಿನಲ್ಲಿ ಮಲಗಿ ಕಾಲು ಹೊರಗೆ ಚಾಚುತ್ತಾರೆ. ಟ್ಯೂಶನ್ ಮೇಷ್ಟ್ರುಗಳು ಹುಡುಗರಿಗೆ ಉದ್ದನೆಯ ಲೆಕ್ಕವೊಂದನ್ನು ಕೊಟ್ಟು ತಾವು ಕಣ್ಣು ಮುಚ್ಚುತ್ತಾರೆ. ಈ ಪದ್ಧತಿ ಪೇಠೆಯ ಮಂದಿಗೆಲ್ಲ ಗೊತ್ತು. ಒಬ್ಬ ಕಳ್ಳನಿಗೂ ಗೊತ್ತಿದೆ ಎಂಬುದು ತಿಳಿದದ್ದು ೧೯೯೬ರ ಫೆಬ್ರವರಿಯಲ್ಲಿ.

ಆ ಪುಣ್ಯಾತ್ಮ ಎರಡು ಗಂಟೆಯ ಸುಮಾರಿಗೆ ಒಂದೇ ಅಂಗಳದ ಸುತ್ತ ಹತ್ತು ಬಿಡಾರಗಳಿದ್ದ, ಕನ್ನಡದವರೇ ಹೆಚ್ಚಿದ್ದ ಚಿಂಚೋರೆ ವಾಡೆಗೆ ತನ್ನ ಮಾವನ ಮನೆಗೆ ಬಂದಂತೆ ಬಂದು, ಅಲ್ಲಿನ ಮರಾಠಿ ಮುದುಕಿ ರಂಗೂಬಾಯಿಯ ತಾಮ್ರದ ಬಂಬವನ್ನು ಹೊತ್ತುಕೊಂಡು ಹೋದ. ಬಂಬವೆಂದರೆ ಸ್ನಾನಕ್ಕೆ ನೀರು ಕಾಯಿಸುವ, ಹೊಟ್ಟೆಯೊಳಗೇ ಕೆಂಡ ಇಟ್ಟುಕೊಳ್ಳುವ ದೊಡ್ಡ ಪಾತ್ರೆ. ಎತ್ತಲು ಇಬ್ಬರು ಬೇಕು. ಕಳ್ಳ ಅದರ ಬೂದಿಯನ್ನು ಅಂಗಳದಲ್ಲಿ ನೀಟಾಗಿ ಸುರಿದು, ನೀರನ್ನು ತುಳಸಿಗೆ ಹಾಕಿ ಹೋಗಿದ್ದ. ನಾಲ್ಕಕ್ಕೆ ಎದ್ದ ರಂಗೂಬಾಯಿ, "ಮಾಝಾ ಬಂಬ! ಮಾಝಾ ಬಂಬ!" ಎಂದು ತಮ್ಮ ಬಂಬಕ್ಕಾಗಿ ಎದೆ ಬಡಿದುಕೊಂಡಾಗ ವಾಡೆಯ ಹತ್ತೂ ಬಿಡಾರಗಳು ಹೊರಗೆ ಬಂದವು. ಎಲ್ಲರಿಗೂ ಮರುಕವಾಯಿತು. ಮಲಗಿದ್ದು ತಪ್ಪೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ.

ಆದಿತ್ಯವಾರ ಬೆಳಿಗ್ಗೆ ನಲ್ಲಿಯ ಕಟ್ಟೆಯ ಸುತ್ತ ಸಭೆ ಸೇರಿತು. ಗುಳೇದಗುಡ್ಡದ ರವಿಕೆ ಖಣ ಮಾರುವ ಅಪ್ಪಾಸಾಹೇಬರು ವಾಡೆಯ ಹಿರಿಯರು. ಅವರ ಕೈಯಿಂದ ಒಂದು ರೂಪಾಯಿ ಹೊರಡಬೇಕಾದರೆ ಅದಕ್ಕೆ ಮುಹೂರ್ತ ಕೂಡಿಬರಬೇಕು.

"ಒಂದ್ ನಾಯಿ ಕಟ್ಟೂಣು. ಹತ್ತು ಮನಿಯವ್ರೂ ಒಂದೊಂದ್ ತುಣುಕು ಭಕ್ರಿ ಹಾಕಿದ್ರ ಆತು" ಎಂದರು ಅವರು.

ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ಮೂರನೇ ನಂಬರಿನ ಬಿಡಾರದ ಮಲಕಪ್ಪನವರ ಕೆಮ್ಮು ಅದು.

ಮಲಕಪ್ಪನವರು ಇಂಡಿ ತಾಲ್ಲೂಕಿನ ಕಡೆಯವರು. ಊರಿನ ದಂಡುಪ್ರದೇಶವಾದ ಕ್ಯಾಂಪಿನಲ್ಲಿರುವ ಸೈನ್ಯದ ಒಂದು ದಾಸ್ತಾನು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತರು. ಅವರ ಮೇಜಿಗೆ ಬರುತ್ತಿದ್ದುದು ಬೂಟಿನ ಲೇಸಿನ ಫೈಲು. ಬೂಟಿನದು ಬೇರೆ ಮೇಜು. ಬಂದೂಕನ್ನು ಅವರು ಕಂಡದ್ದು ಗೇಟಿನ ಪಹರೆಯವನ ಹೆಗಲ ಮೇಲೆ, ಅದೂ ದೂರದಿಂದ. ಆದರೂ ಅಗ್ಗದಲ್ಲಿ ಸಿಕ್ಕ ಒಂದು ಹಸಿರು ಸ್ವೆಟರನ್ನು ಅವರು ಮೇ ತಿಂಗಳಲ್ಲೂ ಹೆಗಲಿಗೆ ಹಾಕಿಕೊಂಡು ಓಡಾಡುತ್ತಿದ್ದುದರಿಂದ ವಾಡೆಯವರು "ಮಿಲಿಟರಿಯವ್ರು" ಎಂದೇ ಕರೆಯುತ್ತಿದ್ದರು. ಯಾರಾದರೂ ಹಾಗೆ ಕರೆದರೆ ತಿದ್ದುವುದು ಮಲಕಪ್ಪನವರ ಸ್ವಭಾವದಲ್ಲಿರಲಿಲ್ಲ.

"ನಾಯಿ ಇಡ್ರಿ, ಬ್ಯಾಡ ಅನ್ನೂದಿಲ್ಲ" ಎಂದರು ಮಲಕಪ್ಪನವರು. "ಅದರ ರೇಶನ್ ಯಾವ ಬಾಬ್ತಿನಾಗ ಹಾಕ್ತೀರಿ? ಜಡ್ಡು ಬಿದ್ರ ರಜಾ ಯಾರು ಮಂಜೂರ್ ಮಾಡ್ತಾರ? ಅದು ಸತ್ರ ಆ ಜಾಗಾ ಖಾಲಿ ಅದ ಅಂತ ಯಾವ ವಹಿಯೊಳಗ ಬರೀತೀರಿ?"

ನಾಯಿಯ ಹಿಂದೆ ಇಷ್ಟೆಲ್ಲ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

"ಯುದ್ಧ ಅನ್ನೂದು ಹದಿನೈದು ದಿನದ್ದರಿ. ಉಳದ ಇಪ್ಪತ್ತೈದು ವರ್ಷ ಸೈನ್ಯ ನಡಸೋದೇ ಖರೇ ಕೆಲಸ. ಅದನ್ನ ಜನರಲ್ ಮಾಡೂದಿಲ್ಲ, ಗುಮಾಸ್ತ ಮಾಡ್ತಾನ. ಇಷ್ಟ್ ದೊಡ್ಡ ದೇಶ ಅದ, ಒಂದ್ ಕಡೆ ಬರ್ಫ, ಒಂದ್ ಕಡೆ ಉಸುಕು. ಒಬ್ಬನ ಬೂಟಿನ ಲೇಸ್ ಹರದ್ರೂ ಅದು ನನ್ನ ಟೇಬಲ್ಲಿಗೇ ಬರತದ."

"ಹಂಗಾರ ನೀವೇ ನೋಡ್ಕೋರಿ" ಎಂದುಬಿಟ್ಟರು ಅಪ್ಪಾಸಾಹೇಬರು. ಮಲಕಪ್ಪನವರ ಹೆಂಡತಿ ಶಿವಬಸವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಗಂಡ ಮನೆಯಲ್ಲಿ ಒಂದು ಮೊಳೆ ಹೊಡೆಯಲು ಎರಡು ತಿಂಗಳು ತೆಗೆದುಕೊಂಡದ್ದು ಅವರೊಬ್ಬರಿಗೇ ಗೊತ್ತಿತ್ತು.

ಮನೆಗೆ ಐವತ್ತರಂತೆ ತಿಂಗಳಿಗೆ ಐನೂರು ರೂಪಾಯಿ ವಂತಿಗೆ ಎಂದಾಯಿತು. ಮಾರ್ಚ್ ತಿಂಗಳ ಐನೂರರಲ್ಲಿ ಮಲಕಪ್ಪನವರು ದಪ್ಪ ರಟ್ಟಿನ ಮೂರು ವಹಿ, ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಬೀಗ, ಒಂದು ಮಡಚುವ ಕುರ್ಚಿ ಮತ್ತು 'ಚಿಂಚೋರೆ ವಾಡೆ ಸಂರಕ್ಷಣಾ ದಳ' ಎಂದು ಕೆತ್ತಿದ ರಬ್ಬರಿನ ಶಿಕ್ಕಾ ತಂದರು. ದುರುಪಯೋಗವಾಗಬಾರದೆಂದು ಶಿಕ್ಕಾವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಪೆಟ್ಟಿಗೆಯನ್ನೂ ಕೀಲಿಯನ್ನೂ ಅಪ್ಪಾಸಾಹೇಬರಿಗೆ ಒಪ್ಪಿಸಿದರು. ತಾವು ಕಾರ್ಯದರ್ಶಿಯಾದರು.

ತಿಂಗಳ ಕೊನೆಗೆ ರಂಗೂಬಾಯಿ, ನಲವತ್ತು ವರ್ಷ ಕನ್ನಡದವರ ನಡುವೆ ಬಾಳಿ ಕಲಿತ ಕನ್ನಡದಲ್ಲಿ, "ಕಾವಲಿಯವ ಎಲ್ಲಿ ಅದಾನೊ?" ಎಂದು ಕೇಳಿದರು.

"ಹುದ್ದೆ ಮಂಜೂರ್ ಆಗ್ಯಾದ್ರಿ ಬಾಯಿ. ಮನಷ್ಯಾ ಬರೂದೊಂದ ಬಾಕಿ."

ಮನುಷ್ಯ ಏಪ್ರಿಲ್ ಒಂದರಂದು ಬಂದ. ಹೆಸರು ಶಂಕ್ರೆಪ್ಪ, ಯಾದಗಿರಿಯ ಕಡೆಯವನು. ಕೊಂಢವಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವನು ಮಾಳಿಗೆಯಿಂದ ಬಿದ್ದು ಒಂದು ಕಾಲು ಮಡಚಲು ಬಾರದಂತಾಗಿತ್ತು. ಹೆಂಡತಿ ಚಂದಮ್ಮ ಇನ್ನೂ ಅಲ್ಲೇ ಇಟ್ಟಂಗಿ ಹೊರುತ್ತಿದ್ದಳು. ಓದು ಬಾರದು, ಸುಳ್ಳಂತೂ ಬಾರದೇ ಬಾರದು. ಮಧ್ಯಾಹ್ನ ಮೂರು ತಾಸಿನ ಪಹರೆ, ತಿಂಗಳಿಗೆ ಮುನ್ನೂರು ರೂಪಾಯಿ. ಬೆಳಿಗ್ಗೆ ಹೂವಿನ ಅಂಗಡಿಯೊಂದರಲ್ಲಿ ಕಸ ಹೊಡೆದರೆ ಇನ್ನಿಷ್ಟು.

"ಇದು ಕಾಯಂ ಐತ್ರ್ಯಾ ಸಾಹೇಬ್ರ?" ಎಂದು ಕೇಳಿದ ಅವನು. "ಕಾಯಂ ಇದ್ರ ಇಲ್ಲೇ ದತ್ತವಾಡಿಯಾಗ ಒಂದ್ ಖೋಲಿ ಹಿಡೀತೀನ್ರಿ. ಪತ್ರಾದ ಶೆಡ್ಡಿನಾಗ ಅಕೀಗಿ ಭಾಳ ತ್ರಾಸ ಆಗ್ಯಾದ."

"ಖೋಲಿ ಹಿಡಿ" ಎಂದರು ಮಲಕಪ್ಪನವರು, ಇಡೀ ಸೈನ್ಯವೇ ತಮ್ಮ ಬೆನ್ನಿಗಿರುವ ಹಾಗೆ. "ನಾ ಮಾತು ಕೊಟ್ಟೀನಿ. ಕಾಯಂ."

ನಿಯಮಗಳು ಹದಿನೇಳು ಇದ್ದವು. ಓದು ಬಾರದವನಿಗೆ ಅವನ್ನು ಮೂರು ಆದಿತ್ಯವಾರ ಕೂರಿಸಿ ಬಾಯಿಪಾಠ ಮಾಡಿಸಿದರು. ಒಂಬತ್ತನೆಯದು: ಕುರ್ಚಿ ಕಾರ್ಯದರ್ಶಿಯವರ ಬಳಕೆಗೆ. ಹನ್ನೊಂದನೆಯದು: ಹಿಡಿದ ಆಸಾಮಿಯನ್ನು ಕಾರ್ಯದರ್ಶಿಯವರ ಲಿಖಿತ ಆದೇಶ ಹಾಗೂ ಶಿಕ್ಕಾ ಇಲ್ಲದೆ ಬಿಡತಕ್ಕದ್ದಲ್ಲ. ಹದಿನೇಳನೆಯದು: ಮೂರು ತಿಂಗಳಿಗೊಮ್ಮೆ ದಳದ ಅಗತ್ಯವನ್ನು ಮರುಪರಿಶೀಲಿಸತಕ್ಕದ್ದು. ಈ ಕೊನೆಯದನ್ನು ಬರೆದಾಗ ಮಲಕಪ್ಪನವರಿಗೆ ಬಹಳ ಹೆಮ್ಮೆಯಾಗಿತ್ತು. ದೊಡ್ಡ ಸೈನ್ಯಗಳಲ್ಲಿ ಹೀಗೇ ಇರುತ್ತದೆ ಎಂದು ಶಿವಬಸವ್ವನಿಗೆ ಎರಡು ಸಲ ಓದಿ ಹೇಳಿದ್ದರು.

ಶಂಕ್ರೆಪ್ಪ ಪಹರೆ ಮುಗಿಸಿ ದಿನವೂ ವಹಿಯಲ್ಲಿ ಗುರುತು ಹಾಕಬೇಕು. ಏನೂ ನಡೆಯದಿದ್ದರೆ ಒಂದು ಸೊನ್ನೆ. ಸಂಜೆ ಕಚೇರಿಯಿಂದ ಬಂದ ಮಲಕಪ್ಪನವರು ಚಹಾ ಕುಡಿಯುವ ಮೊದಲೇ ಆ ಸೊನ್ನೆಯ ಪಕ್ಕದಲ್ಲಿ ಸಹಿ ಹಾಕುತ್ತಿದ್ದರು. ಊದಲು ಒಂದು ಸೀಟಿ ಕೊಡಿಸಿ ಎಂದು ಶಂಕ್ರೆಪ್ಪ ಮೊದಲನೇ ವಾರವೇ ಕೇಳಿದ್ದ. ಆ ಫೈಲು ಮುಂದುವರಿದಿತ್ತು. ಮೂರು ಅಂಗಡಿಗಳ ದರ ಬರಬೇಕಿತ್ತು, ಎರಡು ಬಂದಿದ್ದವು.

ಜುಲೈ ಮೊದಲ ಆದಿತ್ಯವಾರ, ಹದಿನೇಳನೇ ನಿಯಮದಂತೆ, ಮಳೆ ತಪ್ಪಿಸಿಕೊಂಡು ಜಗುಲಿಯ ಮೇಲೆ ಸಭೆ ಸೇರಿತು. ಅಪ್ಪಾಸಾಹೇಬರು ಕನ್ನಡಕ ಏರಿಸಿ ವಹಿಯನ್ನು ಒಂದೊಂದೇ ಹಾಳೆ ತಿರುವಿದರು.

"ಸೊನ್ನಿ. ಸೊನ್ನಿ. ಸೊನ್ನಿ. ಇದೂ ಸೊನ್ನಿ. ಮಲಕಪ್ಪನವರ, ತೊಂಬತ್ತೊಂದು ಸೊನ್ನಿಗೆ ನಾವು ಒಂಬತ್ನೂರು ರೂಪಾಯಿ ಕೊಟ್ಟೀವಿ. ನನ್ನ ಅಂಗಡ್ಯಾಗ ಇಷ್ಟ್ ತುಟ್ಟೀದು ಒಂದೂ ಖಣ ಇಲ್ಲ."

"ಸೊನ್ನಿ ಅಂದ್ರ ಯಶಸ್ಸರಿ! ಅವ ಇದ್ದಾನಂತ ಕಳ್ಳ ಬಂದಿಲ್ಲ."

"ನಮ್ಮ ವಾಡೇಕ ಹುಲೀನೂ ಬಂದಿಲ್ಲ. ಅದೂ ಇವನ್ನ ನೋಡಿ ಅಂಜಿತೇನು?"

ಎಲ್ಲರೂ ನಕ್ಕರು. ಕಳ್ಳ ಬರಲಿಲ್ಲವೆಂದು ಸಂತೋಷಪಡಬೇಕಾದವರು ಬರಲಿಲ್ಲವೆಂದೇ ಸಿಟ್ಟಾಗಿದ್ದರು. ರಂಗೂಬಾಯಿಗಂತೂ ತಮ್ಮ ಬಂಬವೊಂದು ಮಾತ್ರ ಹೋಗಿ ಉಳಿದವರದು ಉಳಿದದ್ದು ಅನ್ಯಾಯವಾಗಿ ಕಾಣುತ್ತಿತ್ತು. ತಿಂಗಳ ಕೊನೆಯೊಳಗೆ ಅಗತ್ಯ ಸಾಬೀತಾಗದಿದ್ದರೆ ಹುದ್ದೆ ರದ್ದು ಎಂದು ಠರಾವಾಯಿತು. ಕಾರ್ಯದರ್ಶಿಯಾದ್ದರಿಂದ ಅದನ್ನು ಮಲಕಪ್ಪನವರೇ ತಮ್ಮ ಕೈಯಾರೆ ಬರೆಯಬೇಕಾಯಿತು.

ಬಾಗಿಲಲ್ಲಿ ಶಂಕ್ರೆಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಹಿಂದೆ ಚಂದಮ್ಮ, ಗಂಡನ ಕಚೇರಿಯ ಸಭೆ ನೋಡಲೆಂದು ತೊಳೆದ ಸೀರೆಯುಟ್ಟು ಬಂದವಳು. "ಖೋಲಿಗಿ ಡಿಪಾಜಿಟ್ ಕೊಟ್ಟೀವ್ರಿ ಸಾಹೇಬ್ರ" ಎಂದಷ್ಟೇ ಹೇಳಿದಳು. ಮಲಕಪ್ಪನವರಿಗೆ ಆ ರಾತ್ರಿ ಊಟ ಸೇರಲಿಲ್ಲ.

ಶಿವಬಸವ್ವ ತಾಟು ಎತ್ತುತ್ತ, "ನಾಯೀನ ಕಟ್ಟಿದ್ರ ಅದು ಖೋಲಿ ಹಿಡೀತಿದ್ದಿಲ್ಲ" ಎಂದರು.

ಜುಲೈ ಹದಿನೆಂಟರ ಗುರುವಾರ ಮಲಕಪ್ಪನವರು ಕಚೇರಿಯಲ್ಲಿ ಅರ್ಧ ದಿನದ ರಜೆ ಹಾಕಿದರು. ಕಾರಣದ ಜಾಗದಲ್ಲಿ 'ಮನೆ ಕೆಲಸ' ಎಂದು ಬರೆದರು. ಕಳವು ಮಾಡಲು ಕ್ರಮಪ್ರಕಾರ ರಜೆ ಪಡೆದು ಹೊರಟವರು ಈ ದೇಶದಲ್ಲಿ ಅವರೊಬ್ಬರೇ ಇರಬೇಕು.

ಯೋಜನೆ ಸರಳವಾಗಿತ್ತು. ಹಿಂದಿನ ಓಣಿಯಿಂದ ಬರುವುದು, ತಮ್ಮದೇ ಮನೆಯ ಪಡಸಾಲೆಯಲ್ಲಿರುವ ತಾಮ್ರದ ಕೊಡವನ್ನು ಎತ್ತುವುದು, ಮುಂದಿನ ಬಾಗಿಲ ಹತ್ತಿರ ಧಡಕ್ಕನೆ ಎತ್ತಿಹಾಕಿ ಓಡುವುದು. ಕುರ್ಚಿಯಲ್ಲಿ ತೂಕಡಿಸುತ್ತಿರುವ ಶಂಕ್ರೆಪ್ಪ ಎಚ್ಚರವಾಗುತ್ತಾನೆ, ಮಂದಿ ಸೇರುತ್ತಾರೆ, ಕಳ್ಳ ಕಾವಲಿಗೆ ಹೆದರಿ ಕೊಡ ಬಿಟ್ಟು ಓಡಿದನೆಂದು ಸಿದ್ಧವಾಗುತ್ತದೆ, ಅಗತ್ಯ ಸಾಬೀತು. ಶಂಕ್ರೆಪ್ಪನಿಗೆ ಮೊದಲೇ ಹೇಳೋಣವೆಂದರೆ ಅವನಿಗೆ ಸುಳ್ಳು ಬಾರದು. ಇನ್ನು ಪಾಪದ ವಿಚಾರ. ಸ್ವಂತ ಸಾಮಾನನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದರೆ ಅದು ಕಳವಲ್ಲ. ಕಚೇರಿಯ ಭಾಷೆಯಲ್ಲಿ ಅದು ದಾಸ್ತಾನಿನ ವರ್ಗಾವಣೆ.

ಎರಡು ಗಂಟೆಗೆ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಅವರು ಒಳಗೆ ಬಂದರು. ಮಳೆ ನಿಂತಿತ್ತು. ಹತ್ತು ಬಿಡಾರಗಳಿಂದ ಹತ್ತು ಬಗೆಯ ಗೊರಕೆ ಕೇಳುತ್ತಿತ್ತು. ಶಿವಬಸವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೊಡದ ಕಂಠದ ಮೇಲೆ 'ಚಿ. ಸೌ. ಶಿವಬಸವ್ವನಿಗೆ ತಾಯಿಯಿಂದ' ಎಂದು ಅಕ್ಷರ ಕೊರೆದಿತ್ತು. ಅದನ್ನು ಓದಿ, ಅಕ್ಷರ ಕಾಣದಂತೆ ಕೊಡವನ್ನು ಆ ಕಡೆ ತಿರುಗಿಸಿದರು. ಆಮೇಲೆ ಎತ್ತಿದರು.

ಒಂದು ಲೆಕ್ಕ ಮಾತ್ರ ತಪ್ಪಿತ್ತು. ಶಂಕ್ರೆಪ್ಪ ಕುರ್ಚಿಯಲ್ಲಿ ಇರಲಿಲ್ಲ. ಒಂಬತ್ತನೇ ನಿಯಮದ ಪ್ರಕಾರ ಆ ಕುರ್ಚಿ ಕಾರ್ಯದರ್ಶಿಯವರದು. ಹೀಗಾಗಿ ಅವನು ಮೂರೂವರೆ ತಿಂಗಳಿಂದ ದಿನವೂ ಮೂರು ತಾಸು, ಮಡಚಲು ಬಾರದ ಕಾಲಿನ ಮೇಲೆ, ನಲ್ಲಿಯ ಗೋಡೆಗೆ ಒರಗಿ ನಿಂತೇ ಇರುತ್ತಿದ್ದ. ಕೆಲಸದ ದಿನ ಕಚೇರಿಯಲ್ಲಿರುವ, ರಜೆಯ ದಿನ ತಾವೂ ಮಲಗುವ ಮಲಕಪ್ಪನವರು ಅದನ್ನು ಒಂದು ದಿನವೂ ನೋಡಿರಲಿಲ್ಲ. ಸೊನ್ನೆಯಲ್ಲಿ ಅದು ಕಾಣುವುದಿಲ್ಲ.

ಹದಿನೈದು ವರ್ಷ ಗಾರೆ ಹೊತ್ತ ಎರಡು ತೋಳುಗಳು ಹಿಂದಿನಿಂದ ಬಂದು ಮಲಕಪ್ಪನವರನ್ನು ಅಪ್ಪಿ ಹಿಡಿದವು. ಕೊಡ ಕೈತಪ್ಪಿ ಕಲ್ಲುಹಾಸಿನ ಮೇಲೆ ಬಿದ್ದು, ಅಂಗಳದ ಈ ತುದಿಯಿಂದ ಆ ತುದಿಯವರೆಗೆ ಢಣಢಣ ಎಂದು ಉರುಳಿ, ತುಳಸಿ ಕಟ್ಟೆಗೆ ಬಡಿದು ನಿಂತಿತು. "ಕಳ್ಳಾ! ಕಳ್ಳಾ ಸಿಕ್ಕಾನ! ಎಲ್ಲಾರೂ ಬರ್ರಿ!" ಎಂದು ಶಂಕ್ರೆಪ್ಪ ಗಂಟಲು ಹರಿಯುವಂತೆ ಕೂಗಿದ.

ಯಾರೂ ಬರಲಿಲ್ಲ. ರಂಗೂಬಾಯಿಯ ಕಿಟಕಿಯೊಂದು ಬೆರಳಷ್ಟು ತೆರೆಯಿತು.

"ಕಾಯ್ ರೇ ಹೇ! ದುಪಾರೀ ಝೋಪೂ ದ್ಯಾ ನಾ!" ಮಧ್ಯಾಹ್ನ ಮಲಗಲು ಬಿಡ್ರೋ ಎಂದು ಗದರಿ ಕಿಟಕಿ ಮತ್ತೆ ಮುಚ್ಚಿತು.

"ಶಂಕ್ರೆಪ್ಪಾ, ನಾನಪಾ. ಬಿಡು" ಎಂದು ಟವೆಲ್ಲಿನೊಳಗಿಂದ ದನಿ ಬಂತು.

ಹಿಡಿತ ಸಡಿಲವಾಯಿತು, ಆದರೆ ಬಿಡಲಿಲ್ಲ. "ಸಾಹೇಬ್ರ! ನೀವ್ರ್ಯಾ?" ಶಂಕ್ರೆಪ್ಪ ಬಾಯಿಪಾಠವನ್ನು ಒಂದರಿಂದ ಹನ್ನೊಂದರವರೆಗೆ ಗುನುಗಿದ. "ಹನ್ನೊಂದನೇ ಕಲಮು ಅದಲ್ರಿ."

"ಕಾಗದಾ ತಾ, ಆರ್ಡರ್ ಬರೀತೀನಿ."

ಶಂಕ್ರೆಪ್ಪ ವಹಿ ತಂದ. ಮಲಕಪ್ಪನವರು, ಮಲಕಪ್ಪನವರನ್ನು ಬಿಡತಕ್ಕದ್ದೆಂದು ಬರೆದು ಮಲಕಪ್ಪ ಎಂದು ಸಹಿ ಮಾಡಿದರು.

"ಶಿಕ್ಕಾ?" ಎಂದ ಶಂಕ್ರೆಪ್ಪ.

"ಅದು ಅಪ್ಪಾಸಾಹೇಬ್ರ ಪೆಟಗ್ಯಾಗ ಅದ. ಎಬ್ಬಸು ಅವ್ರನ್ನ."

"ನಾಕು ಬಡಿಯೂಕಿಂತ ಮದಲ ಅವ್ರನ್ನ ಎಬ್ಬಸಿದ್ರ ನೌಕರಿ ಇವತ್ತೇ ಹೋಗತದ್ರಿ."

ಅದರಲ್ಲಿ ಎರಡು ಮಾತಿರಲಿಲ್ಲ. ಶಂಕ್ರೆಪ್ಪ ಮುಂಬಾಗಿಲ ಅಗಳಿ ಹಾಕಿ ಬಂದು, ಮಡಚುವ ಕುರ್ಚಿಯನ್ನು ಬಿಚ್ಚಿ, ತನ್ನ ಟೋಪಿಯಿಂದ ಒರೆಸಿ, "ಕೂಡ್ರಿ ಸಾಹೇಬ್ರ, ಕುರ್ಚಿ ನಿಮ್ದೇ" ಎಂದ. ಕಳ್ಳ ಕುಳಿತರು. ಕಾವಲುಗಾರ ನಿಂತ. ಮೇಲೆ ಹೆಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀ ದಿನಾ ಹಿಂಗೇ ನಿಂದರ್ತಿಯೇನು?"

"ಹೌದ್ರಿ. ರೂಢಿ ಆಗ್ಯಾದ."

ಮಲಕಪ್ಪನವರಿಗೆ ನಾಚಿಕೆಯಾಯಿತು. ಇಡೀ ಯೋಜನೆಯನ್ನು ಒಂದೂ ಬಿಡದೆ ಅವನಿಗೆ ಹೇಳಿದರು. ಮೂರೂವರೆಯ ಹೊತ್ತಿಗೆ ಅವನು ಮುಂಬಾಗಿಲ ಅಗಳಿಯನ್ನು ತಾನಾಗಿಯೇ ತೆಗೆದು ಬಂದ.

"ಹೋಗ್ರಿ ಸಾಹೇಬ್ರ. ನೌಕರಿ ಹೋದ್ರ ಹೋಗ್ಲಿ. ನಿಮ್ಮ ಮಾನಾ ಹೋದ್ರ ನಾ ಎಲ್ಲಿಂದ ತಂದ್ ಕೊಡ್ಲಿ?"

ಮಲಕಪ್ಪನವರು ಎದ್ದರು. ಟವೆಲ್ಲು ಸರಿಮಾಡಿಕೊಂಡರು. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಹೊರಗೆ ಹೋಗಿ ಒಂದು ಚಹಾ ಕುಡಿದು, ಆರು ಗಂಟೆಗೆ ಎಂದಿನಂತೆ ಹಸಿರು ಸ್ವೆಟರಿನಲ್ಲಿ ಮಿಲಿಟರಿಯವರಾಗಿ ಮನೆಗೆ ಬರಬಹುದಿತ್ತು. ಅವರು ಐದು ಹೆಜ್ಜೆ ನಡೆದರು. ಗೋಡೆಗೆ ಒರಗಿ ನಿಂತವನ ಕಾಲನ್ನು ತಿರುಗಿ ನೋಡಿದರು. ವಾಪಸು ಬಂದು ಕುರ್ಚಿಯಲ್ಲಿ ಕುಳಿತು ಟವೆಲ್ಲನ್ನು ಬಿಚ್ಚಿ ತೊಡೆಯ ಮೇಲೆ ಮಡಚಿಟ್ಟುಕೊಂಡರು.

"ಅಗಳಿ ಹಾಕು. ಕಳ್ಳ ಸಿಕ್ಕಾನ ಅಂತ ಹೇಳು. ಅಷ್ಟ ಹೇಳು, ಸುಳ್ಳ ಹೇಳೂದು ಬ್ಯಾಡ."

ನಾಲ್ಕು ಹೊಡೆಯಿತು. ಬಾಗಿಲುಗಳು ಒಂದೊಂದಾಗಿ ತೆರೆದವು, ಚಹಾದ ವಾಸನೆ ಬಂತು, ನಂತರ ಮನುಷ್ಯರು ಬಂದರು. ಶಂಕ್ರೆಪ್ಪ ಎಲ್ಲರೆದುರು ನೆಟ್ಟಗೆ ನಿಂತು ವರದಿ ಒಪ್ಪಿಸಿದ. "ಎರಡ್ ಹೊಡದ ಮ್ಯಾಲ ಹಿತ್ತಲ ಓಣಿಯಿಂದ ಒಬ್ಬ ಬಂದಾನ್ರಿ. ಮೂರನೇ ನಂಬರಿಂದ ಕೊಡಾ ತಗೊಂಡಾನ. ನಾ ಹಿಡದೀನಿ. ಇಲ್ಲೇ ಕುಂತಾರ."

ಮೊದಲು ಮುಂದೆ ಬಂದವರು ರಂಗೂಬಾಯಿ. ಅವರು ನೇರವಾಗಿ ಕುರ್ಚಿಯ ಮುಂದೆ ಹೋಗಿ ಕೈಚಾಚಿ, "ಮಾಝಾ ಬಂಬ ಕುಠೇ ಆಹೇ?" ನನ್ನ ಬಂಬ ಎಲ್ಲಿ ಎಂದು ಕೇಳಿದರು.

ಶಿವಬಸವ್ವ ಕಳ್ಳನನ್ನು ನೋಡಲೇ ಇಲ್ಲ. ಕೊಡವನ್ನು ಎತ್ತಿ ತಿರುಗಿಸಿದರು. "ನೆಗ್ಗು ಬಿದ್ದದ! ನಮ್ಮವ್ವ ಕೊಟ್ಟ ಕೊಡಕ್ಕ ನೆಗ್ಗು ಬಿದ್ದದ! ಬೇಕಿದ್ರ ಕೇಳಬಾರದಿತ್ತ? ಮನ್ಯಾಗ ಇಪ್ಪತ್ತೆರಡು ವರ್ಷದಿಂದ ಬಿದ್ದದ, ಒಮ್ಮೆರೆ ನೀರು ತುಂಬಿ ತಂದೀರೇನು? ಕದಿಯಾಕ ಮಾತ್ರ ಎತ್ತಲಿಕ್ಕ ಬಂತು!"

ಅಪ್ಪಾಸಾಹೇಬರು ವಹಿ ತರಿಸಿಕೊಂಡರು. ಆ ದಿನದ ಸಾಲಿನಲ್ಲಿ ಸೊನ್ನೆಯ ಬದಲು ಶಂಕ್ರೆಪ್ಪ ಒಂದು ಉದ್ದನೆಯ ನೆಟ್ಟನೆ ಗೆರೆ ಎಳೆದಿದ್ದ. ಪಕ್ಕದಲ್ಲಿ ಮಲಕಪ್ಪನವರು ಮಲಕಪ್ಪನವರಿಗೆ ಬರೆದುಕೊಟ್ಟ ಬಿಡುಗಡೆಯ ಆದೇಶವಿತ್ತು. ಅಪ್ಪಾಸಾಹೇಬರು ಅದನ್ನು ಎರಡು ಸಲ ಓದಿದರು. ಆಮೇಲೆ ಶಂಕ್ರೆಪ್ಪನ ಕಾಲನ್ನೂ, ಮಲಕಪ್ಪನವರ ಮುಖವನ್ನೂ ಕನ್ನಡಕದ ಮೇಲಿನಿಂದ ನೋಡಿದರು. ಅವರ ಮೀಸೆ ಒಂದಿಷ್ಟು ಅಲ್ಲಾಡಿತು. ನಲವತ್ತು ವರ್ಷ ಖಣ ಮಾರಿದವರು, ಯಾವ ಗಿರಾಕಿ ಏಕೆ ಬಂದಿದ್ದಾನೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಮಲಕಪ್ಪನವರ, ನೀವು ಅಗತ್ಯ ಸಾಬೀತ್ ಮಾಡೀರಿ. ನಾ ಸೋತೆ. ಠರಾವು ಬರಕೋರಿ. ಕಾರ್ಯದರ್ಶಿ ನೀವೇ ಅಲ್ಲಾ?"

ಮಲಕಪ್ಪನವರು ಕುರ್ಚಿಯಲ್ಲಿ ಕುಳಿತೇ ಬರೆದುಕೊಂಡರು. ಅಪ್ಪಾಸಾಹೇಬರು ನಿಧಾನವಾಗಿ, ಗಂಭೀರ ಪುಸ್ತಕದ ಕನ್ನಡದಲ್ಲಿ ಹೇಳಿಸಿದರು: 'ಸದರಿ ವಾಡೆಯ ಮೂರನೇ ನಂಬರಿನ ಬಿಡಾರದಲ್ಲಿ ಒಬ್ಬ ಕಳ್ಳನು ಕಾಯಂ ವಾಸವಾಗಿರುವುದರಿಂದ, ಕಾವಲುಗಾರನ ಹುದ್ದೆಯನ್ನೂ ಕಾಯಂ ಮಾಡತಕ್ಕದ್ದು. ಕಳ್ಳನು ವಾಡೆಯಲ್ಲಿ ಇರುವ ತನಕ ಮರುಪರಿಶೀಲನೆಯ ಅಗತ್ಯವಿಲ್ಲ. ಕಾವಲುಗಾರನಿಗೆ ಕುರ್ಚಿ ಕೊಡತಕ್ಕದ್ದು. ಸಹಿ, ಮಲಕಪ್ಪ, ಕಾರ್ಯದರ್ಶಿ.' ಪೆಟ್ಟಿಗೆ ಬಂತು, ಬೀಗ ತೆರೆಯಿತು, ಶಿಕ್ಕಾ ಬಿತ್ತು.

ಮಲಕಪ್ಪನವರು ಕುರ್ಚಿಯಿಂದ ಎದ್ದು ಅದನ್ನು ಶಂಕ್ರೆಪ್ಪನಿಗೆ ಬಿಟ್ಟುಕೊಟ್ಟರು. ಕೊಟ್ಟ ಮಾತು ಉಳಿದಿತ್ತು, ಉಳಿದದ್ದೆಲ್ಲ ಹೋಗಿತ್ತು. ಅವರಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಅಂದಿನಿಂದ ದತ್ತವಾಡಿಯ ಖೋಲಿಯಲ್ಲಿ ಒಂದು ದೀಪ ಕಾಯಂ ಉರಿಯಿತು. ಇತ್ತ ರಜೆಯ ದಿನ ಮಧ್ಯಾಹ್ನ ಮಲಕಪ್ಪನವರು ನಲ್ಲಿಗೆ ಹೋದರೆ, ಶಂಕ್ರೆಪ್ಪ ಕುರ್ಚಿಯಿಂದ ಎದ್ದು ಸಲಾಮು ಹೊಡೆದು, ಎರಡು ಹೆಜ್ಜೆ ಅಂತರದಲ್ಲಿ ಅವರ ಹಿಂದೆಯೇ ನಡೆದು, ಅವರು ಮನೆ ಸೇರುವವರೆಗೆ ನೋಡಿ, ಮತ್ತೆ ಸಲಾಮು ಹೊಡೆದು ವಾಪಸಾಗುತ್ತಿದ್ದ. ಹೀಗೆ ಅವರನ್ನು ಜೀವಮಾನದಲ್ಲಿ ಮೊದಲ ಸಲ ಒಬ್ಬ ಪಹರೆಯವನು ಗೌರವದಿಂದ ಕಂಡ. ಮತ್ತು ಪ್ರತಿದಿನ ಸಂಜೆ ಆರಕ್ಕೆ, ಚಹಾಕ್ಕೆ ಮೊದಲು, ಮಲಕಪ್ಪನವರು ವಹಿ ತೆರೆದು ಆ ದಿನದ ಸೊನ್ನೆಯನ್ನು ನೋಡಿ, ಕಳ್ಳ ಇವತ್ತೂ ಬಂದಿಲ್ಲವೆಂದು ಖಾತ್ರಿ ಮಾಡಿಕೊಂಡು ಅದರ ಪಕ್ಕದಲ್ಲಿ ಸಹಿ ಹಾಕುತ್ತಿದ್ದರು.